ಬೇಟೆಯ ಋತುವಿನ ಮೊದಲ ವಾರಗಳಲ್ಲಿ ಬಲಿತ ಗಂಡು ಜಿಂಕೆಯನ್ನು ಪತ್ತೆಹಚ್ಚುವ ಬಗೆ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಬಿಲ್ಲುಗಾರರ ಋತುವಿನಿಂದ ಆರಂಭವಾಗುತ್ತದೆ. ಕೆಂಟಕಿಯಲ್ಲಿ ಅದು ಸೆಪ್ಟೆಂಬರಿನ ಮೊದಲ ಶನಿವಾರ, ವಿಸ್ಕಾನ್ಸಿನ್‌ನಲ್ಲಿ ಸೆಪ್ಟೆಂಬರ್ ನಡುವಿನ ಹೊತ್ತಿಗೆ, ಇನ್ನೂ ಹಲವೆಡೆ ಅಕ್ಟೋಬರ್ ಆರಂಭದಲ್ಲಿ. ಹೆಚ್ಚಿನ ಬೇಟೆಗಾರರು ತಮ್ಮ ರಜೆಯನ್ನೆಲ್ಲ ನವೆಂಬರಿನ ಬೆದೆಗಾಲಕ್ಕೆಂದು ಉಳಿಸಿಕೊಳ್ಳುತ್ತಾರೆ. ಆಗ ಗಂಡುಗಳು ಹೆಣ್ಣಿನ ಜಾಡು ಹಿಡಿದು ಹಗಲಿನಲ್ಲೂ ಅಲೆಯುತ್ತವೆ, ಯಾವ ಗಂಡು ಯಾವಾಗ ಎಲ್ಲಿಂದ ಬರುತ್ತದೆಂಬುದು ಅದೃಷ್ಟಕ್ಕೆ ಬಿಟ್ಟ ಮಾತು. ಋತುವಿನ ಮೊದಲ ವಾರಗಳಲ್ಲಿ ಇದಕ್ಕೆ ತದ್ವಿರುದ್ಧ. ಗಂಡು ಜಿಂಕೆಯ ದಿನಚರಿ ಎಂದರೆ ಮಲಗುವ ತಾಣದಿಂದ ಮೇವಿನವರೆಗಿನ ಒಂದು ಗಿಡ್ಡ ದಾರಿ, ಮತ್ತೆ ಅದೇ ದಾರಿಯಲ್ಲಿ ವಾಪಸು. ಆ ದಾರಿಯನ್ನು ಜಿಂಕೆಗೆ ಸುಳಿವು ಕೊಡದೆ ಗುರುತಿಸಿ, ಗಾಳಿ ಅನುಕೂಲವಾಗಿರುವ ಒಂದೆರಡು ಸಂಜೆಗಳಲ್ಲಿ ಮಾತ್ರ ಅಲ್ಲಿ ಕೂರುವುದೇ ಈ ಕಾಲದ ಬೇಟೆಯ ತಿರುಳು. ದಿನವೂ ಹೋಗಿ ಕೂರುವ ತಾಳ್ಮೆ ಇಲ್ಲಿ ಗುಣವಲ್ಲ, ದೋಷ.

ಬೇಸಿಗೆಯಲ್ಲಿ ಗಂಡುಗಳು ಚಿಕ್ಕ ಗುಂಪುಗಳಲ್ಲಿ ಒಟ್ಟಿಗೆ ಮೇಯುತ್ತವೆ. ಆಗ ಬೆಳೆಯುತ್ತಿರುವ ಕೊಂಬಿನ ಮೇಲೆ ರಕ್ತನಾಳಗಳಿಂದ ತುಂಬಿದ, ಮಖಮಲ್ಲಿನಂತಹ ಚರ್ಮವಿರುತ್ತದೆ. ಹಗಲು ಕಿರಿದಾಗುತ್ತ ಬಂದಂತೆ ಟೆಸ್ಟೋಸ್ಟೆರಾನ್ ಏರಿ, ಕೊಂಬು ಗಟ್ಟಿಯಾಗಿ, ಆ ಚರ್ಮ ಒಣಗುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನೊಳಗೆ ಜಿಂಕೆ ಅದನ್ನು ಗಿಡಮರಗಳಿಗೆ ಉಜ್ಜಿ ಸಾಮಾನ್ಯವಾಗಿ ಒಂದೇ ದಿನದಲ್ಲಿ ಕಳಚಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಗಂಡುಗಳ ನಡುವಿನ ಸಹನೆ ಕಡಿಮೆಯಾಗಿ ಗುಂಪು ಒಡೆಯುತ್ತದೆ. ಕೆಲವು ಬೇಸಿಗೆಯ ನೆಲೆಯಲ್ಲೇ ಉಳಿದರೆ, ಇನ್ನು ಕೆಲವು ಸಾಕಷ್ಟು ದೂರದ ಶರತ್ಕಾಲದ ನೆಲೆಗೆ ಹೋಗಿಬಿಡುತ್ತವೆ. ಆದ್ದರಿಂದ ಜುಲೈ ತಿಂಗಳಿನಲ್ಲಿ ಕ್ಯಾಮೆರಾದಲ್ಲಿ ಸಿಕ್ಕ ಭರ್ಜರಿ ಕೊಂಬಿನ ಚಿತ್ರವನ್ನು ನೆಚ್ಚಿಕೊಂಡು ಅಕ್ಟೋಬರಿನ ಬೇಟೆಯನ್ನು ಯೋಜಿಸುವುದು ವ್ಯರ್ಥ. ಬೇಟೆಗೆ ಹೋಗುವ ಮುಂಚಿನ ಎರಡು ವಾರಗಳ ಮಾಹಿತಿಗಷ್ಟೇ ಬೆಲೆಯಿದೆ.

ಮೊದಲು ಹುಡುಕಬೇಕಾದದ್ದು ಜಿಂಕೆಯನ್ನಲ್ಲ, ಮೇವನ್ನು. ಸೋಯಾ ಹೊಲದ ಎಲೆ ಹಸಿರಾಗಿರುವವರೆಗೆ ಜಿಂಕೆಗಳು ಸಂಜೆ ಅಲ್ಲಿಗೆ ತಪ್ಪದೆ ಬರುತ್ತವೆ. ಎಲೆ ಹಳದಿಗೆ ತಿರುಗಿದ ಮೇಲೆ ಅದೇ ಹೊಲವನ್ನು ತಿರುಗಿಯೂ ನೋಡುವುದಿಲ್ಲ. ಆಲ್ಫಾಲ್ಫಾ, ಕ್ಲೋವರ್ ಎಂಬ ಮೇವಿನ ಬೆಳೆಗಳ ಹೊಲಗಳು ಇನ್ನೂ ಕೆಲಕಾಲ ಆಕರ್ಷಣೆ ಉಳಿಸಿಕೊಳ್ಳುತ್ತವೆ. ಆದರೆ ಸೆಪ್ಟೆಂಬರ್‌ನಲ್ಲಿ ಬಿಳಿ ಓಕ್ ಮರದ ಕಾಯಿಗಳು ಉದುರತೊಡಗಿದವೆಂದರೆ ಹೊಲದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕೆಂಪು ಓಕ್‌ನ ಕಾಯಿಗಿಂತ ಇದರಲ್ಲಿ ಒಗರು ಕಡಿಮೆ, ಹಾಗಾಗಿ ಜಿಂಕೆಗಳು ಇದನ್ನೇ ಮೊದಲು ಆರಿಸುತ್ತವೆ. ಎಲೆಯ ಹಾಲೆಗಳ ತುದಿ ದುಂಡಗಿದ್ದರೆ ಬಿಳಿ ಓಕ್, ಚೂಪಾಗಿ ಮುಳ್ಳಿನಂತಹ ಕೂದಲಿದ್ದರೆ ಕೆಂಪು ಓಕ್. ಬಿಳಿ ಓಕ್‌ನ ಕಾಯಿ ಹೂ ಬಿಟ್ಟ ವರ್ಷವೇ ಬಲಿಯುತ್ತದೆ, ಕೆಂಪು ಓಕ್‌ನದಕ್ಕೆ ಎರಡು ವರ್ಷ ಬೇಕು. ಹಾಗಾಗಿ ವಸಂತದಲ್ಲಿ ಹೂವಿನ ಹೊತ್ತಿಗೆ ಹಿಮ ಬಿದ್ದು ಆ ವರ್ಷದ ಬಿಳಿ ಓಕ್ ಫಸಲು ಕೆಟ್ಟರೂ ಕೆಂಪು ಓಕ್‌ನಲ್ಲಿ ಕಾಯಿ ಇರಬಹುದು.

ಎಲ್ಲ ಮರಗಳೂ ಪ್ರತಿವರ್ಷ ಕಾಯಿ ಬಿಡುವುದಿಲ್ಲ. ಆಗಸ್ಟ್‌ನಲ್ಲಿ ದುರ್ಬೀನು ಹಿಡಿದು ಮರದ ನೆತ್ತಿಯನ್ನು ನೋಡಿದರೆ ಯಾವುದು ತುಂಬಿದೆ ಎಂಬುದು ತಿಳಿಯುತ್ತದೆ. ಜಿಂಕೆಗಳು ನಿಜವಾಗಿಯೂ ಬರುತ್ತಿರುವ ಮರದ ಬುಡದಲ್ಲಿ ತರಗೆಲೆ ಕೆದಕಿ ಚದುರಿರುತ್ತದೆ, ಕಾಯಿಯ ಟೊಪ್ಪಿಗೆಗಳು ಬಿದ್ದಿದ್ದು ಇಡೀ ಕಾಯಿಗಳು ಕಾಣುವುದಿಲ್ಲ, ಅರ್ಧ ಜಗಿದು ಉಗುಳಿದ ಸಿಪ್ಪೆಯ ಒಳಭಾಗ ಇನ್ನೂ ಬೆಳ್ಳಗಿರುತ್ತದೆ, ಪಕ್ಕದಲ್ಲಿ ಹೊಳೆಯುವ ಹಸಿ ಹಿಕ್ಕೆಯಿರುತ್ತದೆ. ಸಿಪ್ಪೆ ಕಂದಾಗಿ ಹಿಕ್ಕೆ ಒಣಗಿದ್ದರೆ ಜಿಂಕೆಗಳು ಬೇರೆ ಮರಕ್ಕೆ ಹೋಗಿವೆ ಎಂದು ತಿಳಿಯಬೇಕು.

ಮೇವು ಗೊತ್ತಾದ ಮೇಲೆ ಮಲಗುವ ತಾಣವನ್ನು ಊಹಿಸಬೇಕು, ಕಾಲಿಟ್ಟು ಹುಡುಕಬಾರದು. ಗುಡ್ಡಗಾಡಿನಲ್ಲಿ ಬಲಿತ ಗಂಡು ಸಾಮಾನ್ಯವಾಗಿ ಗುಡ್ಡದ ಸಾಲಿನ ಗಾಳಿ ಮರೆಯ ಬದಿಯಲ್ಲಿ, ನೆತ್ತಿಗೆ ತುಸು ಕೆಳಗೆ ಮಲಗುತ್ತದೆ. ಬೆನ್ನ ಹಿಂದಿನ ಅಪಾಯವನ್ನು ಗಾಳಿ ತಿಳಿಸುತ್ತದೆ, ಮುಂದಿನದನ್ನು ಕಣ್ಣು ಕಾಯುತ್ತದೆ. ಸಮತಟ್ಟಾದ ಸೀಮೆಯಲ್ಲಿ ಜೌಗಿನ ನಡುವಿನ ಒಣ ದಿಬ್ಬ, ಪೊದೆ ತುಂಬಿದ ಹಳ್ಳದ ಅಂಚು, ಮೆಕ್ಕೆಜೋಳದ ಹೊಲದ ಒಳಭಾಗ ಕೂಡ ಆದೀತು. ಸೆಪ್ಟೆಂಬರ್‌ನಲ್ಲಿ ಚಳಿಗಾಲದ ದಪ್ಪ ತುಪ್ಪಳ ಮೂಡುತ್ತಿರುವಾಗ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಆದ್ದರಿಂದ ನೆರಳು ಮತ್ತು ನೀರು ಹತ್ತಿರವಿರುವ ಜಾಗಕ್ಕೆ ಹೆಚ್ಚಿನ ತೂಕ ಕೊಡಬೇಕು.

ಹೆಣ್ಣುಗಳೂ ಎಳೆಯ ಗಂಡುಗಳೂ ಬೆಳಕಿರುವಾಗಲೇ ಹೊಲಕ್ಕೆ ಇಳಿದರೆ, ಬಲಿತ ಗಂಡು ಕಾಡಿನ ಅಂಚಿನೊಳಗೇ ನಿಂತು ಕತ್ತಲಾಗಲೆಂದು ಕಾಯುತ್ತದೆ. ಹೊಸಬರು ಹೊಲದ ಬದಿಯಲ್ಲೇ ಅಟ್ಟಣೆ ಹಾಕಿ ಸೋಲುವುದಕ್ಕೆ ಇದೇ ಕಾರಣ. ಅಂಚಿನಿಂದ ಐವತ್ತು, ನೂರು ಮೀಟರ್ ಒಳಗೆ, ಮಲಗುವ ತಾಣದ ಕಡೆಗೆ, ದಪ್ಪ ಮರಗಳ ಮೇಲೆ ಕೊಂಬು ಉಜ್ಜಿದ ಹಸಿ ಗಾಯಗಳು ಒತ್ತಾಗಿ ಕಂಡರೆ ಅದೇ ಆ ಕಾಯುವ ಜಾಗ. ತೆಳ್ಳನೆಯ ಸಸಿಯನ್ನು ಚಿಕ್ಕದೂ ಉಜ್ಜುತ್ತದೆ, ದೊಡ್ಡದೂ ಉಜ್ಜುತ್ತದೆ. ತೊಡೆಗಾತ್ರದ ಮರವನ್ನು ಉಜ್ಜುವುದು ಹೆಚ್ಚಾಗಿ ದೊಡ್ಡದೇ.

ಇವೆಲ್ಲವನ್ನೂ ದೂರದಿಂದ ದೃಢಪಡಿಸಿಕೊಳ್ಳುವುದು ಲೇಸು. ಆಗಸ್ಟ್ ಕೊನೆಯಲ್ಲಿ ರಸ್ತೆಬದಿಯಿಂದಲೋ ಎದುರು ದಿಬ್ಬದಿಂದಲೋ ಸಂಜೆಯ ಕೊನೆಯ ಒಂದು ಗಂಟೆ ದುರ್ಬೀನಿನಲ್ಲಿ ನೋಡುತ್ತ, ಯಾವ ಗಂಡು ಯಾವ ಮೂಲೆಯಿಂದ, ಯಾವ ಗಾಳಿಯಲ್ಲಿ, ಎಷ್ಟು ಹೊತ್ತಿಗೆ ಹೊರಬಂತೆಂಬುದನ್ನು ಬರೆದುಕೊಳ್ಳಬೇಕು. ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ ನೆರವಾಗುತ್ತದೆ, ಆದರೆ ಪದೇ ಪದೇ ಕಾರ್ಡು ತೆಗೆಯಲು ಹೋದರೆ ನಿಮ್ಮ ವಾಸನೆಯೇ ಅಲ್ಲಿ ಕಾವಲು ನಿಂತಂತಾಗುತ್ತದೆ. ಅರಿಜೋನಾ 2022ರಿಂದ ಬೇಟೆಗೆ ಈ ಕ್ಯಾಮೆರಾಗಳ ಬಳಕೆಯನ್ನೇ ನಿಷೇಧಿಸಿದೆ. ಬೇರೆ ರಾಜ್ಯಗಳ ನಿಯಮಗಳನ್ನೂ ಮೊದಲೇ ಓದಿಕೊಳ್ಳಿ. ನಡುರಾತ್ರಿಯ ನೂರು ಚಿತ್ರಗಳಿಗಿಂತ ಹಗಲು ಬೆಳಕಿನ ಒಂದು ಚಿತ್ರ ಮೇಲು.

ವಯಸ್ಸನ್ನು ಕೊಂಬಿನಿಂದ ಅಳೆಯಬಾರದು. ಕೊಂಬಿನ ಗಾತ್ರಕ್ಕೆ ವಯಸ್ಸಿನಷ್ಟೇ ಮೇವು ಮತ್ತು ವಂಶಗುಣವೂ ಕಾರಣ. ದೇಹವನ್ನು ನೋಡಬೇಕು, ಆದರೆ ನವೆಂಬರಿನಲ್ಲಿ ಊದಿಕೊಳ್ಳುವ ಕುತ್ತಿಗೆ ಈಗ ಎಲ್ಲದರಲ್ಲೂ ತೆಳ್ಳಗಿರುವುದರಿಂದ ಅದನ್ನು ನಂಬುವಂತಿಲ್ಲ. ಒಂದೂವರೆ ವರ್ಷದ ಗಂಡು ಹೆಣ್ಣಿಗೆ ಕೊಂಬು ಅಂಟಿಸಿದಂತೆ ಉದ್ದ ಕಾಲು, ಸಣ್ಣ ಮೈ. ಎರಡೂವರೆಯಲ್ಲೂ ಕಾಲೇ ಉದ್ದ ಕಾಣುತ್ತದೆ. ಮೂರೂವರೆಗೆ ಎದೆ ಆಳವಾಗುತ್ತದೆ, ಸೊಂಟ ಮಾತ್ರ ಬಿಗಿಯಾಗಿಯೇ ಇರುತ್ತದೆ. ನಾಲ್ಕೂವರೆ ದಾಟಿದ ಮೇಲೆ ಹೊಟ್ಟೆ ಎದೆಯ ಮಟ್ಟಕ್ಕೆ ಇಳಿದು ಕಾಲುಗಳು ಗಿಡ್ಡವೆನಿಸುತ್ತವೆ. ಇನ್ನೂ ಹಳೆಯದಾದರೆ ಬೆನ್ನು ಬಾಗಿ ಹೊಟ್ಟೆ ಜೋಲುತ್ತದೆ. ಎಳೆಯ ಗಂಡುಗಳು ಬಲಿಯಲೆಂದೇ ಪೆನ್ಸಿಲ್ವೇನಿಯಾ 2002ರಲ್ಲಿ ಕೊಂಬಿನ ಕವಲುಗಳ ಕನಿಷ್ಠ ಮಿತಿಯನ್ನು ಜಾರಿಗೆ ತಂದಿತು.

ಗಾಳಿಯ ವಿಷಯದಲ್ಲಿ ಹವಾಮಾನ ವರದಿಯೊಂದೇ ಸಾಲದು. ಬಿಸಿಲು ಏರುವಾಗ ನೆಲದ ಗಾಳಿ ಕಾದು ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತದೆ. ಸಂಜೆ ನೆರಳು ಬಿದ್ದೊಡನೆ ತಣ್ಣನೆಯ ಗಾಳಿ ಕಣಿವೆಗೆ ಇಳಿಯುತ್ತದೆ. ನಾಲ್ಕು ಗಂಟೆಗೆ ಸುರಕ್ಷಿತವಾಗಿದ್ದ ಅಟ್ಟಣೆಯಿಂದ ಏಳು ಗಂಟೆಗೆ ನಿಮ್ಮ ವಾಸನೆ ನೇರವಾಗಿ ಜಿಂಕೆಯ ದಾರಿಗೇ ಇಳಿಯಬಹುದು. ಮಿಲ್ಕ್‌ವೀಡ್ ಗಿಡದ ಕಾಯಿಯೊಳಗಿನ ರೇಷ್ಮೆಯಂತಹ ಎಳೆಯೊಂದನ್ನು ಅಟ್ಟಣೆಯಿಂದ ತೇಲಿಬಿಟ್ಟರೆ ಅದು ಬಹುದೂರದವರೆಗೆ ಗಾಳಿಯ ಹರಿವನ್ನು ಕಣ್ಣಿಗೆ ತೋರಿಸುತ್ತದೆ; ಪುಡಿ ಚಿಮ್ಮಿಸುವ ಬಾಟಲಿಗಿಂತ ಇದನ್ನೇ ನಾನು ನೆಚ್ಚುತ್ತೇನೆ. ಹೋಗುವ ದಾರಿಯಷ್ಟೇ ಕತ್ತಲಲ್ಲಿ ಹಿಂದಿರುಗುವ ದಾರಿಯನ್ನೂ ಯೋಚಿಸಿರಬೇಕು, ಏಕೆಂದರೆ ಆ ಹೊತ್ತಿಗೆ ಹೊಲದ ತುಂಬ ಜಿಂಕೆಗಳಿರುತ್ತವೆ. ಇದೇ ಕಾರಣಕ್ಕೆ, ಈ ವಾರಗಳಲ್ಲಿ ಬೆಳಗಿನ ಬೇಟೆಯನ್ನು ಬಿಟ್ಟುಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಯಾವ ಸಂಜೆ ಹೋಗಬೇಕು? ಶೀತಗಾಳಿ ಬೀಸಿ ಉಷ್ಣಾಂಶ ಒಮ್ಮೆಲೇ ಕುಸಿದ ದಿನ, ಗಾಳಿಯ ದಿಕ್ಕೂ ಹೊಂದಿಕೆಯಾದರೆ, ಕೆಲಸ ಬಿಟ್ಟಾದರೂ ಹೋಗಬೇಕು. ಮೊದಲ ಸಲ ಕೂರುವ ಅಟ್ಟಣೆಯೇ ಅತ್ಯುತ್ತಮ; ಬಲಿತ ಗಂಡಿಗೆ ಒಮ್ಮೆ ಸುಳಿವು ಸಿಕ್ಕರೆ ಅದು ಊರು ಬಿಡುವುದಿಲ್ಲ, ರಾತ್ರಿಯ ಜೀವಿಯಾಗುತ್ತದೆ ಅಷ್ಟೆ. ಅಕ್ಟೋಬರ್ ನಡುವೆ ಜಿಂಕೆಗಳು ಓಡಾಟವನ್ನೇ ಕಡಿಮೆ ಮಾಡುತ್ತವೆಂಬ ನಂಬಿಕೆಗೆ ಜಿಪಿಎಸ್ ಕೊರಳಪಟ್ಟಿ ಹಾಕಿ ನಡೆಸಿದ ಅಧ್ಯಯನಗಳಲ್ಲಿ ಆಧಾರ ಕಂಡಿಲ್ಲ. ಮೇವು ಬದಲಾಗಿರುತ್ತದೆ, ಬೇಟೆಗಾರ ಮಾತ್ರ ಹಳೆಯ ಹೊಲದ ಬಳಿಯೇ ಕೂತಿರುತ್ತಾನೆ.

ಪರವಾನಗಿ, ಬೇಟೆಯಾಡಿದ ಜಿಂಕೆಗೆ ಕಟ್ಟುವ ಟ್ಯಾಗು, ಬೇಟೆಗಾರರ ಶಿಕ್ಷಣದ ಪ್ರಮಾಣಪತ್ರ, ಖಾಸಗಿ ಜಮೀನಾದರೆ ಮಾಲೀಕರ ಅನುಮತಿ, ಇವಿಲ್ಲದೆ ಕಾಡಿಗೆ ಕಾಲಿಡುವಂತಿಲ್ಲ. ಬೇಟೆಯ ವೇಳೆ, ಮೇವು ಹಾಕಿ ಸೆಳೆಯುವುದು ಮುಂತಾದವುಗಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಟ್ಟಣೆ ಹತ್ತುವಾಗ ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೂ ಮೈಗೆ ಸುರಕ್ಷಾ ಪಟ್ಟಿ ಕಟ್ಟಿರಲೇಬೇಕು. ಮನೆಗೆ ಬಂದಮೇಲೆ ರಕ್ತ ಹೀರುವ ಉಣ್ಣೆಹುಳಗಳಿಗಾಗಿ ಮೈಯೆಲ್ಲ ಹುಡುಕಿಕೊಳ್ಳಿ, ಲೈಮ್ ರೋಗವೆಂಬ ಸೋಂಕು ಹರಡುವುದು ಅವುಗಳಿಂದಲೇ.

ಬಾಣ ಬಿಡಬೇಕಾದದ್ದು ಜಿಂಕೆ ಪೂರ್ತಿ ಅಡ್ಡ ನಿಂತಾಗ ಅಥವಾ ತುಸು ಆಚೆ ತಿರುಗಿದಾಗ, ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಎದುರಿಗೆ ಮುಖ ಮಾಡಿ ನಿಂತದ್ದಕ್ಕೆ ಬೇಡ. ಬಾಣದ ಮೇಲೆ ಗುಳ್ಳೆಗೂಡಿದ ತಿಳಿಗೆಂಪು ರಕ್ತವಿದ್ದರೆ ಅರ್ಧ ಗಂಟೆ ಕಾದು ಜಾಡು ಹಿಡಿಯಬಹುದು; ಹಸಿರು ಕಲೆ, ದುರ್ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ ಎಂದರ್ಥ, ಎಂಟು ಗಂಟೆಗಳಾದರೂ ಕಾಯದೆ ಹಿಂಬಾಲಿಸಿದರೆ ಜಿಂಕೆ ಎದ್ದು ದೂರ ಹೋಗುತ್ತದೆ. ಸೆಪ್ಟೆಂಬರಿನ ಸೆಕೆಯಲ್ಲಿ ಮಾಂಸ ಬೇಗ ಕೆಡುವುದರಿಂದ ಸಿಕ್ಕ ತಕ್ಷಣ ಒಳಾಂಗಗಳನ್ನು ತೆಗೆದು, ಎದೆಗೂಡಿನೊಳಗೆ ಮಂಜುಗಡ್ಡೆಯ ಚೀಲಗಳನ್ನಿಟ್ಟು, ಆದಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿಸಬೇಕು. ಈ ಕೆಲಸಕ್ಕೆ ಕೈಗವಸು ಕಡ್ಡಾಯ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಗುರುತಿಸಲಾದ, ಪ್ರಿಯಾನ್‌ಗಳೆಂಬ ರೋಗಕಾರಕ ಪ್ರೋಟೀನ್‌ಗಳಿಂದ ಬರುವ ಸಿಡಬ್ಲ್ಯುಡಿ ಎಂಬ ಕ್ಷಯಿಸುವ ರೋಗ ಈಗ ಹಲವು ರಾಜ್ಯಗಳಲ್ಲಿದೆ. ಅಂತಹ ಕಡೆ ಬೇಟೆಯಾಡಿದವರು ಜಿಂಕೆಯ ದುಗ್ಧಗ್ರಂಥಿಯ ಮಾದರಿಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆಯಾಗಿ ಇಟ್ಟಿರಬೇಕು. ಮಿದುಳು ಮತ್ತು ಬೆನ್ನುಮೂಳೆಯನ್ನು ರಾಜ್ಯದ ಗಡಿ ದಾಟಿಸುವುದಕ್ಕೆ ಅನೇಕ ಕಡೆ ನಿಷೇಧವಿರುವುದರಿಂದ, ಹೊರರಾಜ್ಯಕ್ಕೆ ಹೋದವರು ಮೂಳೆ ಬಿಡಿಸಿದ ಮಾಂಸವನ್ನಷ್ಟೇ ತರುವುದು ಸರಿ.