ಫೈಲ್ ಐತೋ ಇಲ್ಲೋ ನೋಡಾಕ ಪೂರ್ತಿ ಡೌನ್‌ಲೋಡ್ ಬ್ಯಾಡ್ರಿ

ನಮ್ಮ ಸಿಂಧನೂರಾಗ ಮಧ್ಯಾಹ್ನ ನೆಟ್ ಹೆಂಗಿರ್ತೈತಿ ಗೊತ್ತಲ್ರಿ, ಅಂಥಾದ್ರಾಗ ಲಿಂಕ್ ಸರಿ ಐತೇನು ನೋಡಾಕ 40 ಎಂಬಿ ಪಿಡಿಎಫ್ ಇಳಿಸ್ಕೋತ ಕುಂದ್ರಬ್ಯಾಡ್ರಿ. ಟರ್ಮಿನಲ್‌ನಾಗ ಟೈಪ್ ಮಾಡಿ ಲಿಂಕ್ ಕೇಳೋ ಕರ್ಲ್ (curl) ಕಮಾಂಡಿಗೆ ಹೈಫನ್ ಹಾಕಿ ಕ್ಯಾಪಿಟಲ್ ಐ ಕೊಟ್ಟು ಲಿಂಕ್ ಹಾಕ್ರಿ, ಅದು ಹೆಡ್ (HEAD) ರಿಕ್ವೆಸ್ಟ್ ಕಳಸ್ತೈತಿ, ಸರ್ವರ್ ಫೈಲ್ ಕೊಡದ ಬರೇ ಹೆಡರ್, ಅಂದ್ರ ಫೈಲಿನ ಬಗ್ಗೆ ಮಾಹಿತಿ ಸಾಲು ಅಷ್ಟ ಕೊಡ್ತೈತಿ. ಅದರಾಗ ಮೊದಲ್ನೇ ಸಾಲಿನ ನಂಬರ್ ನೋಡ್ರಿ. 200 ಬಂದ್ರ ಐತಿ, 404 ಬಂದ್ರ ಇಲ್ಲ, 301 ಇಲ್ಲಾ 302 ಬಂದ್ರ ಬ್ಯಾರೆ ಕಡೆ ಕಳಸಾಕತ್ತೈತಿ, ಹೈಫನ್ ಕ್ಯಾಪಿಟಲ್ ಎಲ್ ಸೇರಿಸ್ರಿ, ಕರ್ಲ್ ತಾನ ಆ ಕಡೆ ಹೋಗ್ತೈತಿ.

ಆದ್ರ 200 ಅಂದಕೂಡ್ಲೆ ನಂಬಬ್ಯಾಡ್ರಿ, ನಾ ಒಮ್ಮಿ ಮೋಸ ಹೋಗೀನಿ, ಕೆಲವು ಸೈಟು 'ಸಿಗಲಿಲ್ಲ' ಅನ್ನೋ ಪೇಜನ್ನೇ 200 ಅಂತ ಕಳಸ್ತಾವು, ಅದಕ್ಕ ಹೆಡರ್‌ನಾಗ ಯಾವ ನಮೂನಿ ಫೈಲ್ ಅಂತ ಹೇಳೋ ಕಂಟೆಂಟ್-ಟೈಪ್ ಸಾಲು ನೋಡ್ರಿ, ಪಿಡಿಎಫ್ ಕೇಳಿದ್ರ ಎಚ್‌ಟಿಎಂಎಲ್ ಅಂತ ಬಂದ್ರ ಏನೋ ಗೋಲ್‌ಮಾಲ್ ಐತಿ. 405 ಬಂತಂದ್ರ ಹೆಡ್ ರಿಕ್ವೆಸ್ಟ್ ಬಂದ್ ಮಾಡ್ಯಾರ, ಆವಾಗ ಕ್ಯಾಪಿಟಲ್ ಐ ಬಿಟ್ಟು, ಫೈಲಿನ ಒಂದು ತುಣುಕು ಅಷ್ಟ ಕೇಳೋ ರೇಂಜ್ 0-0 (--range 0-0) ಕೊಟ್ಟು ಒಂದೇ ಬೈಟ್ ಕೇಳ್ರಿ, ಹೆಡರ್ ಕಾಣಾಕ ಸಣ್ಣ ಐ (-i) ಸೇರಿಸ್ರಿ, 206 ಬಂದ್ರ ಫೈಲ್ ಐತಿ. ರೇಂಜ್ ಲೆಕ್ಕಕ್ಕ ತಗೊಳ್ಳದ ಸರ್ವರ್ ಪೂರ್ತಿ ಫೈಲೇ ಸುರೀತೈತಿ ಮತ್ತ, ಲಗೂನ ಕಂಟ್ರೋಲ್ ಸಿ ಒತ್ರಿ.