ಮಂತ್ರದ ನಿಯಮ ಬದಲಿಸುವಾಗ ಆಟಗಾರರು ಮುನಿಸಿಕೊಳ್ಳದ ಹಾಗೆ

ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮ ಪುಸ್ತಕ ಬಿಟ್ಟು 2024ರದ್ದಕ್ಕೆ ಹೋಗುವಾಗ ಹೆಚ್ಚು ವಾದ ಹತ್ತುವುದು ಮಂತ್ರಗಳ ಮೇಲೆ. ಹಾಸನದಲ್ಲಿ ಭಾನುವಾರ ಆಟಕ್ಕೆ ಕೂತರೆ ಬೇಲೂರಿನವರು, ಸಕಲೇಶಪುರದವರು ಬಸ್ಸಿನ ಹೊತ್ತು ನೋಡಿಕೊಂಡೇ ಆಡಬೇಕು. ಆ ಹೊತ್ತು ವಾದಕ್ಕೆ ಹೋಗದಿರಲಿ. ಬದಲಾವಣೆಗಳನ್ನು ಒಂದು ಹಾಳೆಯಲ್ಲಿ ಬರೆದು ವಾರ ಮುಂಚೆ ಕಳಿಸಿ.

ಆ ಹಾಳೆಯಲ್ಲಿ ಯಾರಿಗೆ ಏನು ಕೈತಪ್ಪುತ್ತದೆ ಎನ್ನುವುದು ಮೊದಲು ಬರಲಿ. ಗಾಯ ವಾಸಿಮಾಡುವ ಹೀಲಿಂಗ್ ವರ್ಡ್ ಮಂತ್ರ 1ಡಿ4ರಿಂದ (ನಾಲ್ಕು ಮುಖದ ಒಂದು ದಾಳ) 2ಡಿ4 (ಅಂಥ ಎರಡು ದಾಳ) ಆದದ್ದಕ್ಕೆ ಕ್ಲೆರಿಕ್ (ಪೂಜಾರಿ ಪಾತ್ರ) ಆಡುವವರು ಖುಷಿಪಟ್ಟು ಮರೆತುಬಿಡುತ್ತಾರೆ. ಅವರದೇ ಇನ್ನೊಂದು ಮಂತ್ರ ಸ್ಪಿರಿಚುಯಲ್ ವೆಪನ್‌ಗೆ ಈಗ ಕಾನ್ಸಂಟ್ರೇಶನ್ (ಒಂದು ಹೊತ್ತಿಗೆ ಒಂದೇ ಮಂತ್ರದ ಮೇಲೆ ಇಡಬಹುದಾದ ಗಮನ) ಬೇಕು, ಅದನ್ನೇ ಬೇಡುವ ಬ್ಲೆಸ್ ಜೊತೆ ನಡೆಯುವುದಿಲ್ಲ ಎಂದರೆ ಮರೆಯುವುದಿಲ್ಲ.

ಎಲ್ಲರಿಗಿಂತ ನೋಯುವುದು ಪ್ಯಾಲಡಿನ್ (ದೈವಬಲದ ಯೋಧ) ಆಡುವವರಿಗೆ. ಹಳೆಯ ನಿಯಮದಲ್ಲಿ ಏಟು ಬಿದ್ದ ಮೇಲೆ ಸ್ಲಾಟ್ (ಮಂತ್ರ ಹಾಕಲು ಲೆಕ್ಕಕ್ಕೆ ಸಿಗುವ ಅವಕಾಶ) ಕೊಟ್ಟರೆ ಡಿವೈನ್ ಸ್ಮೈಟ್, ಅಂದರೆ ಹೆಚ್ಚಿನ ಪೆಟ್ಟು. ಒಂದೇ ಸರದಿಯ ಎರಡು ಏಟಿಗೂ ಹಾಕಬಹುದಿತ್ತು. ಈಗ ಅದು ಬೋನಸ್ ಆಕ್ಷನ್ (ಸರದಿಗೊಂದೇ ಸಿಗುವ ಹೆಚ್ಚುವರಿ ಕ್ರಿಯೆ) ಬೇಡುವ ಮಂತ್ರ. ಸರದಿಗೆ ಒಂದೇ ಸಲ, ಸಾಲದ್ದಕ್ಕೆ ಎದುರಾಳಿ ಕೌಂಟರ್‌ಸ್ಪೆಲ್ ಹಾಕಿ ತಡೆಯಬಹುದು. ಕಾದಾಟದ ನಡುವೆ ಇದು ಗೊತ್ತಾದರೆ ಸಿಟ್ಟು ಬರುವುದು ನ್ಯಾಯವೇ. ಅವರಿಗೆ ಮುಂಚೆಯೇ ಬೇರೆಯಾಗಿ ಫೋನ್ ಮಾಡಿ. ದೀರ್ಘ ವಿಶ್ರಾಂತಿಗೊಮ್ಮೆ ಒಂದು ಸ್ಮೈಟ್ ಸ್ಲಾಟಿಲ್ಲದೆ ಸಿಗುತ್ತದೆ ಎನ್ನುವುದನ್ನೂ ಹೇಳಿ, ಪಾತ್ರವನ್ನು ಹೊಸದಾಗಿ ಕಟ್ಟಿಕೊಳ್ಳಲು ಬಿಡಿ.

ಕೌಂಟರ್‌ಸ್ಪೆಲ್ ಬದಲಾವಣೆ ಅಷ್ಟು ಕಹಿಯಲ್ಲ. ಮೂರನೇ ಹಂತದವರೆಗಿನ ಮಂತ್ರ ತಾನಾಗಿ ನಿಲ್ಲುತ್ತಿದ್ದದ್ದು ಹೋಯಿತು. ಈಗ ಮೂಲ ಮಂತ್ರ ಹಾಕುವವರು ಕಾನ್‌ಸ್ಟಿಟ್ಯೂಷನ್ ಸೇವ್ (ದೇಹಬಲದಿಂದ ತಡೆದುಕೊಳ್ಳುವ ದಾಳ) ಉರುಳಿಸುತ್ತಾರೆ. ಸೋತರೂ ಅವರ ಸ್ಲಾಟ್ ಉಳಿಯುತ್ತದೆ.

ಸರದಿಗೆ ಒಂದೇ ಸ್ಲಾಟ್ ಎನ್ನುವ ಹೊಸ ನಿಯಮ ಬಾಯಲ್ಲಿ ಹೇಳಿದರೆ ಗೊಂದಲ, ಯಾಕೆಂದರೆ ಹಳೆಯ ಬೋನಸ್ ಆಕ್ಷನ್ ನಿಯಮವೇ ಬಹಳ ಜನಕ್ಕೆ ಸರಿಯಾಗಿ ನೆನಪಿರುವುದಿಲ್ಲ. ಒಂದು ಸ್ಲಾಟಿಗೆ ಒಂದು ಕಾಫಿ ಬೀಜ ಬಳಸಿ, ನಮ್ಮ ಕಡೆ ಅದಕ್ಕೇನು ಬರವೇ! ಐದನೇ ಲೆವೆಲ್ ವಿಝಾರ್ಡ್‌ಗೆ ಒಂದು, ಎರಡು, ಮೂರನೇ ಹಂತದ ಸ್ಲಾಟಿಗೆ 4, 3, 2ರಂತೆ ಮೂರು ಗುಂಪು, ಒಟ್ಟು 9 ಬೀಜ. ಮಂತ್ರ ಹಾಕಿದಾಗ ಆ ಹಂತದ ಬೀಜ ನಡುವಿನ ಬಟ್ಟಲಿಗೆ. ಒಂದು ಸರದಿಯಲ್ಲಿ ಒಬ್ಬರ ಎರಡನೇ ಬೀಜ ಬಟ್ಟಲಿಗೆ ಬೀಳಕೂಡದು. ಮಂತ್ರ ಬರೆದ ಸ್ಕ್ರೋಲ್‌ನಿಂದ ಹಾಕಿದ ಮಂತ್ರಕ್ಕೆ, ಸ್ಲಾಟ್ ಬೇಡದ ಸಣ್ಣ ಮಂತ್ರವಾದ ಕ್ಯಾಂಟ್ರಿಪ್‌ಗೆ ಬೀಜ ಬೇಡ.

ಕತೆಗೆ ಸಂಬಂಧವಿಲ್ಲದ ಒಂದು ಕಾದಾಟವನ್ನು ಹಳೆಯ ನಿಯಮದಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಆಡಿಸಿ. ಆಮೇಲೆ ಒಂದೊಂದೇ ನಿಯಮ ಎತ್ತಿಕೊಂಡು ಅಭಿಪ್ರಾಯ ಕೇಳಿ. ‘ಹೊಸ ಪುಸ್ತಕ ಬೇಕೋ ಬೇಡವೋ’ ಎಂದು ಕೇಳಿದರೆ ಸ್ಮೈಟ್ ಮೇಲಿನ ಸಿಟ್ಟಿಗೆ ಒಳ್ಳೆಯ ಹೀಲಿಂಗೂ ಬಲಿಯಾಗುತ್ತದೆ. ಸ್ಮೈಟ್ ವಿಷಯದಲ್ಲಿ ಪಟ್ಟು ಸಡಿಲದಿದ್ದರೆ ಬೋನಸ್ ಆಕ್ಷನ್ ತೆಗೆದು, ‘ಸರದಿಗೆ ಒಂದೇ ಸಲ’ ಎನ್ನುವುದನ್ನು ಮಾತ್ರ ಉಳಿಸಿಕೊಳ್ಳಿ. ಸ್ಮೈಟ್ ಹಾಕುವ ಎದುರಾಳಿಗೂ ಅದೇ ಲೆಕ್ಕ.