ಕೊಳವೆಬಾವಿಯ ನೀರು ತುಂಬಿದ ಈಜುಕೊಳದಲ್ಲಿ ಪಿಎಚ್ ಕಾಯ್ದುಕೊಳ್ಳುವ ಕ್ರಮ

ಕೋಲಾರ, ಮಾಲೂರು, ಬಂಗಾರಪೇಟೆಗಳ ಸುತ್ತಿನ ತೋಟದ ಮನೆಗಳಲ್ಲಿ ಈಜುಕೊಳ ಕಟ್ಟಿಸಿದವರಿಗೆ ಮೊದಲ ಬೇಸಿಗೆಯಲ್ಲೇ ಗೊತ್ತಾಗುವ ಸಂಗತಿಯೆಂದರೆ, ಇಲ್ಲಿ ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ಇಳಿಯುವುದು ಅಪರೂಪ, ಏರುವುದೇ ನಿತ್ಯದ ಪಾಡು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲವಾದ್ದರಿಂದ ಕೊಳಕ್ಕೆ ಬರುವುದು ಹಲವೆಡೆ ಸಾವಿರ ಅಡಿಗೂ ಆಳದ ಕೊಳವೆಬಾವಿಯ ನೀರು, ಇಲ್ಲವೇ ಅಂಥದೇ ಇನ್ನೊಂದು ಬಾವಿಯಿಂದ ಟ್ಯಾಂಕರಿನಲ್ಲಿ ಬಂದ ನೀರು. ಬೇಳೆಯನ್ನು ಬೇಗ ಬೇಯಗೊಡದ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಈ ನೀರಿನಲ್ಲಿ ಬೈಕಾರ್ಬನೇಟ್ ಮತ್ತು ಕ್ಯಾಲ್ಸಿಯಂ ಎರಡೂ ಹೆಚ್ಚು. ಮೆದು ನೀರಿನ ಊರುಗಳಿಗಾಗಿ ಬರೆದ ಕೈಪಿಡಿಗಳು ಅಡುಗೆ ಸೋಡಾ ಹಾಕಿ ಕ್ಷಾರತೆ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ, ಏರಿಸಲು ಹೇಳುತ್ತವೆ. ನಮ್ಮ ಕಡೆ ನೀರನ್ನು ಅಳೆಯದೆ ಆ ಮಾತನ್ನು ಪಾಲಿಸಿದರೆ ತೊಂದರೆ ದುಪ್ಪಟ್ಟಾಗುತ್ತದೆ.

ಈಜುಕೊಳದ ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಕ್ಲೋರಿನ್ ನೀರಿನಲ್ಲಿ ಕರಗಿದಾಗ ಉಂಟಾಗುವ ಹೈಪೋಕ್ಲೋರಸ್ ಆಮ್ಲವೇ ರೋಗಾಣುಗಳನ್ನು ಕೊಲ್ಲುವ ರೂಪ. ಪಿಎಚ್ 7.5ರ ಹತ್ತಿರ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗದ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಕ್ಲೋರಿನ್ ಧಾರಾಳವಾಗಿ ಹಾಕಿಯೂ ನೀರು ಹಸಿರಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಪಿಎಚ್. ಏರಿದ ಪಿಎಚ್ ಗಡಸು ನೀರಿನಲ್ಲಿ ಸುಣ್ಣವನ್ನು ಟೈಲ್ಸ್ ಮೇಲೂ ಫಿಲ್ಟರಿನ ಮರಳಿನಲ್ಲೂ ಕೂರಿಸುತ್ತದೆ. 7ಕ್ಕಿಂತ ಕೆಳಗಿಳಿದರೆ ಏಣಿಯ ಲೋಹ, ಪಂಪಿನ ಭಾಗಗಳು ಮತ್ತು ಟೈಲ್ಸ್ ಸಂದಿನ ಸಿಮೆಂಟು ಸವೆಯುತ್ತವೆ.

ಪರೀಕ್ಷೆಗೆ ಫೀನಾಲ್ ರೆಡ್ ಹನಿಗಳಿರುವ ಕಿಟ್ ಸಾಕು. ಆದರೆ ಅದರಲ್ಲಿ ಒಟ್ಟು ಕ್ಷಾರತೆಯನ್ನು ಅಳೆಯುವ ದ್ರಾವಣವೂ ಇರುವಂತೆ ನೋಡಿ ಕೊಳ್ಳಬೇಕು, ಏಕೆಂದರೆ ನಮ್ಮ ನೀರಿನಲ್ಲಿ ಆ ಅಂಕಿಯೇ ಹೆಚ್ಚು ಮಾತಾಡುತ್ತದೆ. ಮಾದರಿಯನ್ನು ಮೇಲ್ಮೈಯಿಂದ ತೆಗೆಯದೆ, ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ಕಿಂಡಿಯಿಂದ ದೂರದಲ್ಲಿ ತುಂಬಿಕೊಳ್ಳಬೇಕು. ಈ ಬಣ್ಣದ ಪರೀಕ್ಷೆ 8.2ರ ಆಚೆಗೆ ವ್ಯತ್ಯಾಸ ತೋರಿಸುವುದಿಲ್ಲ; ಗಾಢ ಕೆಂಪು ಬಂದರೆ ನಿಜವಾದ ಪಿಎಚ್ ಅದಕ್ಕಿಂತ ಹೆಚ್ಚಿರಬಹುದೆಂದೇ ತಿಳಿಯಬೇಕು.

ಆಮ್ಲ ಹಾಕಿದ ಮೂರ್ನಾಲ್ಕು ದಿನಕ್ಕೇ ಪಿಎಚ್ ಮತ್ತೆ ಏರುವುದೇಕೆ ಎಂಬುದು ಹಲವರ ದೂರು. ಕ್ಷಾರತೆ ಹೆಚ್ಚಿರುವ ನೀರಿನಲ್ಲಿ ಬೈಕಾರ್ಬನೇಟಿನೊಂದಿಗೆ ಕರಗಿದ ಕಾರ್ಬನ್ ಡೈಆಕ್ಸೈಡ್ ಕೂಡ ಹೆಚ್ಚಿರುತ್ತದೆ. ಗೋಲಿ ಸೋಡಾ ಒಡೆದಾಗ ಅನಿಲ ಹೊರನುಗ್ಗುವಂತೆ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಅದು ಕೊಳದ ಮೇಲ್ಮೈಯಿಂದ ಹೊರಹೋಗುತ್ತದೆ. ಹೋದಷ್ಟೂ ಪಿಎಚ್ ಮೇಲೇರುತ್ತದೆ. ಅಂದಕ್ಕೆಂದು ಇರಿಸಿದ ಕಾರಂಜಿ, ಕೃತಕ ಜಲಪಾತಗಳು ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಆದ್ದರಿಂದ ಪಿಎಚ್ ಅನ್ನು ಪ್ರತಿ ವಾರ ಎಳೆದು ಇಳಿಸುವುದಕ್ಕಿಂತ, ಕ್ಷಾರತೆಯನ್ನೇ ಒಮ್ಮೆ ತಗ್ಗಿಸಿಬಿಡುವುದು ಜಾಣತನ. ಸಾಮಾನ್ಯವಾಗಿ ಅದು 80ರಿಂದ 120 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಅಳತೆ) ಇರಬೇಕೆನ್ನುತ್ತಾರೆ; ಕ್ಯಾಲ್ಸಿಯಂ ಹೆಚ್ಚಿರುವ ನಮ್ಮ ನೀರಿಗೆ 80ರ ಹತ್ತಿರವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲು ಕೊಳದ ಗಾತ್ರ ಲೆಕ್ಕ ಹಾಕಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳದಲ್ಲಿ 40,000 ಲೀಟರ್ ನೀರಿರುತ್ತದೆ. ಶೇ 31ರಿಂದ 33ರಷ್ಟು ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಿಂದ 10,000 ಲೀಟರಿನ ಕ್ಷಾರತೆಯನ್ನು 10 ಪಿಪಿಎಂ ಇಳಿಸಲು ಸುಮಾರು 200 ಮಿಲಿಲೀಟರ್ ಬೇಕು. ಅಂದರೆ ಈ ಕೊಳಕ್ಕೆ 800 ಮಿಲಿಲೀಟರ್. ಕ್ಷಾರತೆ 300 ಇದ್ದರೆ ಅದನ್ನು 80ಕ್ಕೆ ಇಳಿಸಲು ಒಟ್ಟು ಬೇಕಾಗುವ ಆಮ್ಲ ಹದಿನೇಳು ಲೀಟರುಗಳನ್ನು ಮೀರುತ್ತದೆ. ಅದನ್ನು ಒಮ್ಮೆಲೇ ಸುರಿಯುವ ಯೋಚನೆಯನ್ನೂ ಮಾಡಬಾರದು. ಒಂದು ಸಲಕ್ಕೆ ಒಂದು ಲೀಟರಿನಷ್ಟು ಹಾಕಿ, ಪಂಪನ್ನು ನಾಲ್ಕೈದು ಗಂಟೆ ಓಡಿಸಿ, ಮತ್ತೆ ಅಳೆಯಬೇಕು. ಪಿಎಚ್ 7.2ಕ್ಕೆ ತಲುಪಿದಾಗ ಆಮ್ಲ ನಿಲ್ಲಿಸಿ, ನೀರು ಬರುವ ಕಿಂಡಿಗಳನ್ನು ಮೇಲ್ಮುಖವಾಗಿ ತಿರುಗಿಸಿ, ಕಾರಂಜಿಯಿದ್ದರೆ ಬಿಟ್ಟು, ನೀರಿಗೆ ಗಾಳಿಯಾಡಿಸಬೇಕು. ಪಿಎಚ್ ತಾನಾಗಿ ಏರುತ್ತದೆ, ಕ್ಷಾರತೆ ಮಾತ್ರ ಇಳಿದಲ್ಲೇ ನಿಲ್ಲುತ್ತದೆ. 7.8 ಮುಟ್ಟಿದಾಗ ಮತ್ತೆ ಆಮ್ಲ. ಈ ಸುತ್ತುಗಳು ಮುಗಿಯಲು ವಾರಗಳೇ ಹಿಡಿಯಬಹುದು. ಕ್ಷಾರತೆ ಕಡಿಮೆಯಾದಂತೆ ಅದೇ ಅಳತೆಯ ಆಮ್ಲ ಪಿಎಚ್ ಅನ್ನು ಹೆಚ್ಚು ಕೆಳಗೆ ಎಳೆಯುವುದರಿಂದ, ಕೊನೆಯ ಸುತ್ತುಗಳಲ್ಲಿ ಅರ್ಧ ಲೀಟರಿಗೆ ಇಳಿಯಬೇಕು.

ಆಮ್ಲವನ್ನು ಬಕೆಟ್ಟಿನ ನೀರಿಗೆ ಬೆರೆಸಬೇಕೇ ಹೊರತು ಆಮ್ಲದ ಮೇಲೆ ನೀರು ಸುರಿಯಬಾರದು. ರಬ್ಬರ್ ಕೈಗವಸು, ಕನ್ನಡಕ ಕಡ್ಡಾಯ. ಪಂಪು ಓಡುತ್ತಿರುವಾಗ, ಆಳದ ಬದಿಯಲ್ಲಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಧಾನವಾಗಿ ಸುರಿಯಬೇಕು. ಶೌಚಾಲಯ ತೊಳೆಯುವ ದ್ರವಗಳಲ್ಲಿ ಬಣ್ಣವೂ ಬೇರೆ ರಾಸಾಯನಿಕಗಳೂ ಇರುವುದರಿಂದ ಅವು ಇಲ್ಲಿ ಸಲ್ಲವು. ಆಮ್ಲವನ್ನು ಬ್ಲೀಚಿಂಗ್ ಪೌಡರ್ ಇರುವ ಕೋಣೆಯಲ್ಲಿ ಇಡಲೇಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ (ಟ್ರೈಕ್ಲೋರೋಐಸೋಸಯನ್ಯೂರಿಕ್ ಆಮ್ಲ) ಎಂಬ ಕ್ಲೋರಿನ್ ಮಾತ್ರೆಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಬೆಂಕಿ ಹತ್ತುವ, ಸಿಡಿಯುವ ಅಪಾಯವಿದೆ.

ಕ್ಲೋರಿನ್ನಿನ ಆಯ್ಕೆಯೂ ಪಿಎಚ್ ಮೇಲೆ ಪರಿಣಾಮ ಬೀರುತ್ತದೆ. ಬ್ಲೀಚಿಂಗ್ ಪೌಡರ್ ಪಿಎಚ್ ಏರಿಸುವುದಲ್ಲದೆ, ಮೊದಲೇ ಕ್ಯಾಲ್ಸಿಯಂ ತುಂಬಿದ ನೀರಿಗೆ ಇನ್ನಷ್ಟು ಕ್ಯಾಲ್ಸಿಯಂ ಸೇರಿಸುತ್ತದೆ. ಟಿಸಿಸಿಎ ಮಾತ್ರೆಗಳು ಆಮ್ಲೀಯವಾಗಿರುವುದರಿಂದ ನಮ್ಮ ನೀರಿಗೆ ಹೊಂದುತ್ತವೆ. ಆದರೆ ಅವು ಬಿಡುವ ಸಯನ್ಯೂರಿಕ್ ಆಮ್ಲ ನೀರಿನಲ್ಲೇ ಉಳಿದು ಬೆಳೆಯುತ್ತಾ ಹೋಗುತ್ತದೆ. ಅದು 50 ಪಿಪಿಎಂ ದಾಟಿದ ಮೇಲೆ ಮಾತ್ರೆ ಬಿಟ್ಟು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿಗೆ ಬದಲಾಯಿಸಬಹುದು.

ಬೇಸಿಗೆಯಲ್ಲಿ ಆವಿಯಾಗುವ ನೀರು ಲವಣಗಳನ್ನು ಹಿಂದೆಯೇ ಬಿಟ್ಟು ಹೋಗುತ್ತದೆ. ಆ ಕೊರತೆಗೆ ತುಂಬಿಸುವ ಬೋರ್ ನೀರು ಹೊಸ ಕ್ಷಾರತೆಯನ್ನು ತರುತ್ತದೆ. ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು ಅಂತರ್ಜಲ ಬತ್ತಿದ ಈ ಸೀಮೆಯಲ್ಲಿ ಸರಿಯಲ್ಲ, ಬರುವ ನೀರೂ ಅದೇ ಆದ್ದರಿಂದ ಪ್ರಯೋಜನವೂ ಕಡಿಮೆ. ಚಾವಣಿಯ ಮಳೆನೀರು ಇದಕ್ಕೆ ಒಳ್ಳೆಯ ಪರಿಹಾರ. ಅದು ಮೆದು, ಕ್ಷಾರತೆ ನಾಮಮಾತ್ರ. ಜಿಲ್ಲೆಯ ವಾರ್ಷಿಕ ಮಳೆಯನ್ನು ಸುಮಾರು 700 ಮಿಲಿಮೀಟರ್ ಎಂದುಕೊಂಡರೂ, 100 ಚದರ ಮೀಟರ್ ಚಾವಣಿಯಿಂದ, ನಷ್ಟ ಕಳೆದು, 50,000 ಲೀಟರಿನಷ್ಟು ಸಿಗುತ್ತದೆ. ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೊದಲ ಹದ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದದ್ದನ್ನು ಮರಳಿನ ಸೋಸಕದ ಮೂಲಕ ಮುಚ್ಚಿದ ತೊಟ್ಟಿಗೆ ಹಾಯಿಸಿದರೆ ಏಪ್ರಿಲ್, ಮೇ ತಿಂಗಳ ಕೊರತೆಗೆ ಒದಗುತ್ತದೆ. ಮಳೆನೀರು ಸೇರಿಸಿದ ವಾರ ಮಾತ್ರ ಕ್ಷಾರತೆಯನ್ನು ಮತ್ತೊಮ್ಮೆ ಅಳೆಯಬೇಕು. 60ಕ್ಕಿಂತ ಕೆಳಗಿಳಿದಿದ್ದರೆ, ಆಗ ಅಡುಗೆ ಸೋಡಾ ಹಾಕಬಹುದು, 10,000 ಲೀಟರಿಗೆ 170 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ.